ಅಗಲ ಟೈರು, ಸಡಿಲ ಗಂಟು

ನಾನು ಅಂಜುಬುರುಕಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕತ್ತಲೆಗೆ, ಹಾವಿಗೆ, ಗುಡುಗಿಗೆ ಹೆದರುವವರ ಹೆದರಿಕೆ ಬಂದು ಹೋಗುವಂಥದ್ದು. ನನ್ನದು ಚಕ್ರದ ಹೆದರಿಕೆ. ತಿರುಗುವ ಚಕ್ರದ ಹತ್ತಿರ ಬಟ್ಟೆ ಹಾರಾಡುವುದನ್ನು ಕಂಡರೆ ಸಾಕು, ಅದು ಯಾರ ಬಟ್ಟೆಯೇ ಆಗಲಿ, ನನ್ನ ಕೈ ತಾನಾಗಿ ನನ್ನ ಸೆರಗಿಗೆ ಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಪಕ್ಕದ ಬೈಕಿನಲ್ಲಿ ಸೆರಗು ಇಳಿಬಿಟ್ಟು ಕೂತ ಹೆಂಗಸು ಕಂಡರೆ ಕಿಟಕಿಗೆ ಬಾಯಿಟ್ಟು ಕೂಗಿಬಿಡುತ್ತೇನೆ. ಪಕ್ಕದ ಸೀಟಿನವರು ನನ್ನನ್ನು ಹುಚ್ಚಿ ಅಂದುಕೊಂಡರೂ ಅಡ್ಡಿಯಿಲ್ಲ.

ಈ ಹೆದರಿಕೆ ಬಂದದ್ದು ಚಿಕ್ಕಮ್ಮನಿಂದ. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಮೊಳಕಾಲ್ಮೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ, ನಮ್ಮವ್ವನ ತಂಗಿ ಗಂಡನ ಮೊಪೆಡ್ ಹಿಂದೆ ಕೂತು ಸಂತೆಗೆ ಹೊರಟಿದ್ದಳು. ಊರು ದಾಟುವ ಮುಂಚೆಯೇ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿ ಅವಳನ್ನು ಕುತ್ತಿಗೆ ಹಿಡಿದು ಕೆಳಗೆಳೆಯಿತು. ಪುಣ್ಯಕ್ಕೆ ಬದುಕಿದಳು. ಆದರೆ ಕುತ್ತಿಗೆ ಮಾತ್ರ ಮತ್ತೆ ತಿರುಗಲೇ ಇಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಹಗಲೆಲ್ಲಾ ನಮ್ಮ ಪಡಸಾಲೆಯಲ್ಲಿ ಕೂತು ಅಪ್ಪನ ಮಗ್ಗಕ್ಕೆ ರೇಷ್ಮೆ ಸುತ್ತುತ್ತಿದ್ದಳು. ಹಿಂದಿನಿಂದ ಯಾರಾದರೂ ಕರೆದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಇಡೀ ಮೈಯನ್ನು ತಿರುಗಿಸಿ, "ಏನವ್ವಾ?" ಅನ್ನುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹಿಂದಿನಿಂದ ಕರೆಯುತ್ತಿರಲಿಲ್ಲ. ಮುಂದೆ ಹೋಗಿ ನಿಂತೇ ಮಾತಾಡುತ್ತಿದ್ದೆವು.

ಅಂದಿನಿಂದ ಅವ್ವನಿಗೆ ಒಂದು ಅಭ್ಯಾಸವಾಯಿತು. ಮನೆಯ ಹೆಣ್ಣುಮಕ್ಕಳು ಯಾರೇ ಗಾಡಿ ಹತ್ತಲಿ, ಅವ್ವ ಬೀದಿಗೆ ಬರುತ್ತಿದ್ದಳು. ಹಿಂದಿನ ಚಕ್ರದ ಎಡಗಡೆಗೆ ಸ್ಯಾರಿ ಗಾರ್ಡ್ ಅಂತ ಒಂದು ಕಬ್ಬಿಣದ ಜಾಲರಿ ಇರುತ್ತದಲ್ಲ, ಅದನ್ನು ಕೈಯಿಂದ ಅಲ್ಲಾಡಿಸಿ ನೋಡುವುದು. ಗಟ್ಟಿಯಾಗಿದೆ ಅನ್ನಿಸಿದ ಮೇಲೆ ಕೂತವಳ ಸೆರಗನ್ನು ಸೊಂಟಕ್ಕೆ ಬಿಗಿದು, "ಹೋಗಿ ಬಾ" ಅನ್ನುವುದು. ಗಾಡಿ ಓಡಿಸುವವನು ಅಳಿಯನಾಗಲಿ, ಬೀಗನಾಗಲಿ, ಅಲ್ಲಿವರೆಗೆ ಕಾಯಬೇಕು. ನೆಂಟರು ನಗುತ್ತಿದ್ದರು. ನಾವು ಯಾರೂ ನಗುತ್ತಿರಲಿಲ್ಲ.

ನನ್ನನ್ನು ಚಳ್ಳಕೆರೆಗೆ ಕೊಟ್ಟರು. ನಮ್ಮವರದೂ ಹಿಂದೆ ನೇಯ್ಗೆಯ ಮನೆತನವೇ. ಅವರ ತಂದೆಯ ಕಾಲಕ್ಕೇ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ ಶೇಂಗಾ ವ್ಯಾಪಾರಕ್ಕೆ ಇಳಿದಿದ್ದರು. ನಮ್ಮವರು ಹಳ್ಳಿಹಳ್ಳಿ ತಿರುಗಿ ಎಣ್ಣೆ ಮಿಲ್ಲುಗಳಿಗೆ ಕಾಯಿ ಕೊಡಿಸುತ್ತಿದ್ದರು. ತಿರುಗಾಟಕ್ಕೆ ಒಂದು ಸಾದಾ ಬೈಕಿತ್ತು, ಚೆನ್ನಾಗಿಯೇ ಓಡುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇವರಿಗೆ ಕ್ರೂಸರ್ ಹುಚ್ಚು ಹತ್ತಿತು. ಸೀಟು ತಗ್ಗು, ಹ್ಯಾಂಡಲ್ಲು ಅಗಲ, ಕಾಲು ಮುಂದಕ್ಕೆ ಚಾಚಿ ಆರಾಮ ಕುರ್ಚಿಯಲ್ಲಿ ಕೂತಂತೆ ಕೂತು ಓಡಿಸುವ ಬೈಕು. ದುರ್ಗದಿಂದ ಅಂಥದೊಂದನ್ನು ಸೆಕೆಂಡ್ ಹ್ಯಾಂಡಿಗೆ ತಂದು ಮನೆ ಮುಂದೆ ನಿಲ್ಲಿಸಿದಾಗ ಬೀದಿಯೆಲ್ಲಾ ನೋಡಲು ಬಂತು. ನಾನು ಮೊದಲು ಎಡಗಡೆಗೆ ಹೋಗಿ ಬಗ್ಗಿ ನೋಡಿದೆ. ಜಾಲರಿ ಇತ್ತು. ಅಲ್ಲಾಡಿಸಿದೆ, ಗಟ್ಟಿಯಾಗಿತ್ತು.

"ಶುರುವಾತು ನೋಡಪ್ಪ, ಮೊಳಕಾಲ್ಮೂರು ಇನ್‌ಸ್ಪೆಕ್ಷನ್ನು" ಎಂದು ಇವರು ನಕ್ಕರು.

ಆದರೆ ಸ್ನೇಹಿತರು ಇವರನ್ನು ನೆಮ್ಮದಿಯಾಗಿರಲು ಬಿಡಲಿಲ್ಲ. ಅಷ್ಟು ದೊಡ್ಡ ಗಾಡಿಗೆ ಹಿಂದಿನ ಟೈರು ಸಣ್ಣದು ಅನ್ನುವುದೇ ಅವರ ಮಾತು. "ಪೈಲ್ವಾನ್‌ಗೆ ಸಣಕಲು ಕಾಲು ಇಟ್ಟಂಗೈತಲ್ಲೋ" ಎಂದು ಒಬ್ಬ ಅಂದದ್ದು ಇವರ ಮನಸ್ಸಿಗೆ ನಾಟಿತು. ದಿನಾ ಸಂಜೆ ಬೈಕಿನ ಹಿಂದೆ ನಿಂತು, ತಲೆ ಓರೆ ಮಾಡಿ ಟೈರನ್ನೇ ನೋಡುತ್ತಿದ್ದರು. ನೆವ ಒಂದು ಬೇಕಿತ್ತು, ಅಷ್ಟೆ. ಅದನ್ನು ಹುರುಳಿ ಕೊಟ್ಟಿತು.

ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ ಗಿಡವನ್ನು ಕಿತ್ತು ತಂದು ಟಾರು ರಸ್ತೆಯ ಮೇಲೆ ಹಾಸುತ್ತಾರೆ. ಲಾರಿ, ಬಸ್ಸು ಅದರ ಮೇಲೆ ಹಾಯ್ದು ಹೋದರೆ ಕಾಳು ಉದುರುತ್ತದೆ. ಕಣ ಮಾಡುವ ಕೆಲಸವೇ ಇಲ್ಲ. ದೊಡ್ಡ ಗಾಡಿಗಳಿಗೆ ಅದರಿಂದ ಏನೂ ಆಗುವುದಿಲ್ಲ, ಬೈಕಿಗೆ ಮಾತ್ರ ಅದು ಎಣ್ಣೆ ಸುರಿದ ನೆಲ. ತವರಿನಿಂದ ವಾಪಸು ಬರುವಾಗ ಬಿ.ಜಿ. ಕೆರೆಯ ಹತ್ತಿರ ಹಿಂದಿನ ಚಕ್ರ ಜಾರಿ ನಾವು ಮೂವರೂ ಬಿದ್ದೆವು. ಮೂರು ವರ್ಷದ ಮಗಳು ಮುಂದೆ ಟ್ಯಾಂಕಿನ ಮೇಲೆ ಕೂತಿದ್ದವಳು ಹುರುಳಿಯ ಮೆದೆಗೆ ಬಿದ್ದು, ಅದೊಂದು ಆಟವೆಂದು ತಿಳಿದು ಕೇಕೆ ಹಾಕಿದಳು. ಇವರಿಗೆ ಮೊಣಕೈ ತರಚಿತು, ನನಗೆ ಮಂಡಿ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

"ಟೈರ್ ಅಗಲ ಇದ್ದಿದ್ರೆ ಜಾರ್ತಿರ್ಲಿಲ್ಲ" ಎಂದರು ಇವರು, ಎದ್ದು ಮೈ ಕೊಡವಿಕೊಳ್ಳುವ ಮುಂಚೆಯೇ.

ಬಳ್ಳಾರಿ ರಸ್ತೆಯ ಟೈರಿನಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಧೈರ್ಯ ಬರಲಿ ಎಂದು ಕಾಣುತ್ತದೆ. ಅಂಗಡಿಯ ಭಾಯ್ ಎರಡು ಟೈರು ತಂದು ನಮ್ಮ ಮುಂದೆ ಹಾಕಿದರು. ಟೈರಿನ ಪಕ್ಕಕ್ಕೆ ಬರೆದಿರುವ ಮೊದಲ ಅಂಕಿ ಅದರ ಅಗಲ ಎಂದು ನನಗೆ ತಿಳಿದದ್ದು ಆವತ್ತೇ. ಗಾಡಿಯಲ್ಲಿದ್ದದ್ದು ನೂರಾ ಇಪ್ಪತ್ತರದು. ಕೆಳಗೆ ಬಿದ್ದಿದ್ದವು ನೂರಾ ಮೂವತ್ತು ಮತ್ತು ನೂರಾ ನಲವತ್ತು. ಇವರು ಕುಕ್ಕರುಗಾಲಲ್ಲಿ ಕೂತು ಎರಡನ್ನೂ ಹೆಬ್ಬೆರಳಿನಿಂದ ಒತ್ತಿದರು, ಅಂಗೈ ಹಾಸಿ ಸವರಿದರು, ಎತ್ತಿ ನಿಲ್ಲಿಸಿ ಹಿಂದಕ್ಕೆ ಸರಿದು ನೋಡಿದರು. ನನ್ನನ್ನು ನೋಡಲು ಬಂದಾಗ ಇಷ್ಟು ಹೊತ್ತು ನೋಡಿರಲಿಲ್ಲ.

"ಮೂವತ್ತು ಆರಾಮ್ ಕೂತ್ಕೊಳ್ತದೆ ಸಾಬ್" ಎಂದರು ಭಾಯ್. "ನಲವತ್ತು ಹಾಕಿದ್ರೆ ಚೈನ್ ಕವರ್ ಜರಾ ಬಡೀಬೇಕು. ಈ ಜಾಲಿಯ ಬೋಲ್ಟ್ ಒಳಗಡೆ ಚಾಚ್ಕೊಂಡದೆ ನೋಡಿ, ಅದು ಟೈರಿಗೆ ಉಜ್ತದೆ. ಜಾಲಿ ಬಿಚ್ಲೇಬೇಕು. ಹೇಳೋದು ನನ್ ಕೆಲ್ಸ, ಬಾಕಿ ನಿಮ್ ಮರ್ಜಿ."

ಜಾಲರಿ ಬಿಚ್ಚಬೇಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, "ಮೂವತ್ತೇ ಹಾಕ್ಸಿ ರೀ" ಅಂದೆ.

"ಬಿದ್ದೋಳು ನೀನೇ, ಮಂಡಿ ಕಿತ್ಕಂಡೋಳೂ ನೀನೇ. ನಿನಗೋಸ್ಕರನೇ ಅಗಲದ್ದು ಹಾಕಿಸ್ತಿರೋದು. ಈಗ ಅದೂ ಬ್ಯಾಡ ಅಂತೀಯ" ಎಂದರು.

"ಬಿದ್ರೆ ಮಂಡಿ ಹೋಗ್ತೈತೆ. ಸೆರಗು ಸಿಕ್ರೆ ಕುತ್ತಿಗೇನೇ ಹೋಗ್ತೈತೆ. ನಂಗೆ ಮಂಡಿ ಹೋದ್ರೂ ಚಿಂತಿಲ್ಲ."

ಅಂಗಡಿಯಲ್ಲಿದ್ದವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಇವರಿಗೆ ನಾಲ್ಕು ಜನರ ಮುಂದೆ ಹೆಂಡತಿಯ ಮಾತು ಕೇಳಿ ಸಣ್ಣ ಟೈರು ಹಾಕಿಸಿಕೊಂಡ ಹಾಗಾಗುತ್ತದೆ ಅನ್ನಿಸಿರಬೇಕು. "ನಲವತ್ತೇ ಹಾಕಿ ಭಾಯ್" ಅಂದುಬಿಟ್ಟರು. ಟೈರು ಏರಿಸಿ, ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿದರು. ಚೈನ್ ಕವರಿಗೂ ಟೈರಿಗೂ ನಡುವೆ ಇವರ ಒಂದು ಬೆರಳು ತೂರಿತು, ಅದೂ ಕಷ್ಟಪಟ್ಟು. "ನೋಡು, ಎಷ್ಟು ಜಾಗ ಐತೆ" ಎಂದು ಬೆರಳು ಆಡಿಸಿ ತೋರಿಸಿದರು. ಒಂದು ಬೆರಳು ಹೋಗುವ ಜಾಗದಲ್ಲಿ ಒಂದು ಸೀರೆ ಪೂರ್ತಿ ಹೋಗುತ್ತದೆ ಎಂದು ನೇಕಾರರ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಚ್ಚಿದ ಜಾಲರಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮನೆವರೆಗೂ ಅದನ್ನು ಎದೆಗೆ ಅವಚಿಕೊಂಡು ಆಟೋದಲ್ಲಿ ಬಂದೆ. ಬೈಕು ಹತ್ತಲಿಲ್ಲ.

ಆಮೇಲೆ ಕೆಲವು ದಿನ ಇವರು ಊರೆಲ್ಲಾ ಮೆರೆದರು. ಹಿಂದಿನಿಂದ ನೋಡಿದರೆ ಗಾಡಿ ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತಿರುವಿನಲ್ಲಿ ಸ್ವಲ್ಪ ಹಠ ಮಾಡುತ್ತದೆ, ಬಗ್ಗುವುದಿಲ್ಲ ಎಂದು ಇವರೇ ಒಮ್ಮೆ ಬಾಯಿ ತಪ್ಪಿ ಅಂದರು. ನಾನು ಮಾರ್ಕೆಟ್ಟಿಗೆ ನಡೆದೇ ಹೋಗುತ್ತಿದ್ದೆ. ಸಂಕ್ರಾಂತಿಗೆ ತವರಿನಿಂದ ಕರೆ ಬಂತು. ಅಪ್ಪ ನನಗೆಂದೇ ಒಂದು ಸೀರೆ ನೇಯ್ದು ಮುಗಿಸಿದ್ದ. ನಾನು ಬಸ್ಸಿಗೆ ಹೋಗುತ್ತೇನೆ ಅಂದೆ. ಇವರು ಮುಖ ಊದಿಸಿಕೊಂಡರು. ಗಂಡ ಬೈಕಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಹಬ್ಬಕ್ಕೆ ಹೋದರೆ ಮೊಳಕಾಲ್ಮೂರಿನವರು ಏನಂದುಕೊಂಡಾರು ಎಂದು ಯೋಚಿಸಿ ನಾನೇ ಸೋತೆ. ಸೆರಗನ್ನು ಎರಡು ಸುತ್ತು ಸುತ್ತಿ, ಪಿನ್ನು ಹಾಕಿ, ಮೇಲೆ ಇವರದೊಂದು ಹಳೆಯ ಶರಟು ತೊಟ್ಟು ಗುಂಡಿ ಹಾಕಿಕೊಂಡು ಕೂತೆ. ಹೋಗುವಾಗ ಏನೂ ಆಗಲಿಲ್ಲ. ದಾರಿಯುದ್ದಕ್ಕೂ ಕಾಲ ಕೆಳಗೆ ಟೈರು ಸರಸರ ಅನ್ನುವುದು ಕೇಳುತ್ತಲೇ ಇತ್ತು.

ಹೊರಡುವ ದಿನ ಅವ್ವ ಮಡಿಲು ತುಂಬಿದಳು. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ ಹಾಕಿ ಸೊಂಟಕ್ಕೆ ಗಂಟು ಹಾಕುವುದು ನಮ್ಮಲ್ಲಿ ರೂಢಿ. ಆ ಗಂಟನ್ನು ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಬಿಚ್ಚುವಂತಿಲ್ಲ, ಸೀರೆ ಬದಲಿಸುವಂತಿಲ್ಲ. ಉಟ್ಟಿದ್ದು ಅಪ್ಪ ನೇಯ್ದ ಹೊಸ ಸೀರೆ. ಇನ್ನೂ ಕುಚ್ಚು ಕಟ್ಟಿಸಿರಲಿಲ್ಲ, ಸೆರಗಿನ ತುದಿಯ ಎಳೆಗಳು ಹಾಗೇ ಇಳಿಬಿದ್ದಿದ್ದವು. ಹೊಸ ರೇಷ್ಮೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ.

"ಬಿಗಿಯಾಗಿ ಕಟ್ಟವ್ವಾ" ಅಂದೆ.

"ಮಡಿಲಿನ ಗಂಟು ಬಿಗಿ ಆಗಬಾರ್ದು ಕಣೇ. ಮಡಿಲೇ ಕಟ್ಟಿದಂಗಾಗ್ತೈತೆ. ನಿನಗಿನ್ನೂ ಒಂದು ಗಂಡುಮಗು ಆಗಬೇಕು" ಎಂದಳು ಅವ್ವ. ಮಗಳಿಗೆ ಮೂರು ತುಂಬಿದರೂ ಎರಡನೆಯದರ ಸುದ್ದಿಯಿಲ್ಲ ಎನ್ನುವುದು ಅವಳ ಚಿಂತೆ. ಮಗ್ಗದಲ್ಲಿ ಕೂದಲಿನಂಥ ಎಳೆಗಳು ಕಡಿದಾಗ ಬಿಚ್ಚಲಾಗದ ಗಂಟು ಹಾಕುವ ಆ ಕೈ, ನನ್ನ ಸೊಂಟದಲ್ಲಿ ಒಂದು ಸಡಿಲ ಗಂಟು ಹಾಕಿತು. ಮಡಿಲ ಮೇಲೆ ಗಂಡಸಿನ ಹಳೆಯ ಶರಟು ಹಾಕಬಾರದೆಂದು ಅದನ್ನೂ ತೆಗೆಸಿ ಚೀಲಕ್ಕೆ ತುರುಕಿದಳು.

ಆಮೇಲೆ ಬೀದಿಗೆ ಬಂದು ಅಭ್ಯಾಸದಂತೆ ಬೈಕಿನ ಎಡಗಡೆಗೆ ಹೋಗಿ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಬಂದ ದಿನ ಗಾಡಿಯನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದರಿಂದ ಅವಳು ನೋಡಿರಲಿಲ್ಲ.

"ಜಾಲರಿ ಎಲ್ಲಿ ಅಳಿಯಂದ್ರೇ?"

"ಟೈರು ಅಗಲದ್ದು ಹಾಕ್ಸಿದೀನಿ ಅತ್ತೆ. ಅದಕ್ಕೆ ಅಡ್ಡ ಬರ್ತಿತ್ತು, ಬಿಚ್ಚೀನಿ. ಏನಾಗಲ್ಲ, ನಿಧಾನಕ್ಕೆ ಹೋಗ್ತೀನಿ" ಎಂದರು ಇವರು.

ಅವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಳಿಯನಿಗೆ ಎದುರಾಡುವವಳಲ್ಲ. ಜಗಲಿಯ ಮೇಲೆ ಚಿಕ್ಕಮ್ಮ ನಿಂತಿದ್ದಳು. ಅವಳು ಮೈ ತಿರುಗಿಸಿ ಚಕ್ರವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಕ್ಕೆ ಹೋಗಿಬಿಟ್ಟಳು. ಅವಳು ಒಳಗೆ ಹೋದದ್ದನ್ನು ನೋಡಿ ನನಗೆ ಅಳು ಬಂತು. ಬಸ್ಸಿಗೆ ಬರ್ತೀನಿ ಅಂತ ಇವರ ಕಿವಿಯಲ್ಲಿ ಹೇಳಿದೆ. "ಬೀದಿಯಲ್ಲಿ ಮಾನ ಕಳೀಬೇಡ, ಕುಂತ್ಕೋ" ಅಂದರು, ಸಣ್ಣ ದನಿಯಲ್ಲಿ. ಮಗಳಾಗಲೇ ಟ್ಯಾಂಕಿನ ಮೇಲೆ ಕೂತು ಹಾರನ್ ಒತ್ತುತ್ತಿದ್ದಳು. ಹತ್ತಿ ಕೂತೆ.

ಎರಡೂ ಕಾಲು ಎಡಗಡೆಗೆ. ಬಲಗೈ ಇವರ ಹೆಗಲ ಮೇಲೆ, ಎಡಗೈ ಮಡಿಲ ಮೇಲೆ. ಒಂದೊಂದು ಗಾಳಿ ಬೀಸಿದಾಗಲೂ ಗಂಟು ಮುಟ್ಟಿ ನೋಡುತ್ತಿದ್ದೆ. ಮುಟ್ಟಿ ಮುಟ್ಟಿಯೇ ಅದನ್ನು ಇನ್ನಷ್ಟು ಸಡಿಲ ಮಾಡಿದೆನೋ ಏನೋ. ಮಾತಾಡಿದರೆ ಇವರು ತಲೆ ತಿರುಗಿಸಿಯಾರೆಂದು ಮಾತೂ ಆಡಲಿಲ್ಲ.

ಬಿ.ಜಿ. ಕೆರೆ ಹತ್ತಿರ ಬಂದಾಗ ರಸ್ತೆಯ ಮೇಲೆ ಮತ್ತೆ ಹುರುಳಿ ಹಾಸಿದ್ದು ಕಾಣಿಸಿತು. ಹೆಂಗಸರು ರಸ್ತೆಯಂಚಿನಲ್ಲಿ ಕಾಳು ಗುಡಿಸುತ್ತಿದ್ದರು. ಹಿಂದೆ ಬಿದ್ದ ನೆನಪಿಗೆ ಇವರು ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿದರು. "ಈಗ ನೋಡು, ಅಗಲ ಟೈರಿಂದು ಕರಾಮತ್ತು" ಎಂದರು. ನಿಜ, ಗಾಡಿ ಜಾರಲಿಲ್ಲ. ಹುರುಳಿಯ ಮೆದೆ ಏರಿ ಇಳಿಯುವಾಗ ಒಮ್ಮೆ ಕುಲುಕಿತು. ಆಯ ತಪ್ಪಿ ಎಡಗೈಯನ್ನೂ ಇವರ ಹೆಗಲಿಗೆ ಹಾಕಿದೆ. ಅಷ್ಟು ಸಾಕಾಯಿತು. ಗಂಟು ಜಾರಿತು. ಕೊಬ್ಬರಿ ಬಟ್ಟಲು ಕಾಲ ಮೇಲೆ ಬಿದ್ದು ಉರುಳಿತು, ಅಕ್ಕಿ ಸುರಿಯಿತು.

ಆಮೇಲೆ ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು. ನನಗೆ ಅನ್ನಿಸಿದ್ದು ಹಾಗೆಯೇ, ಯಾರೋ ಕರೆಯುತ್ತಿದ್ದಾರೆ ಅಂತ. ಹೆಗಲ ಮೇಲಿನ ಮಡಿಕೆ ಕುತ್ತಿಗೆಗೆ ಏರಿ ಬಿಗಿಯಿತು. ತಿರುಗಬಾರದು, ತಿರುಗಿದರೆ ಚಿಕ್ಕಮ್ಮನ ಹಾಗೆ ಆಗುತ್ತೇನೆ ಎನ್ನುವುದೊಂದೇ ತಲೆಯಲ್ಲಿತ್ತು. ಕೂಗಲು ಹೋದೆ, ದನಿ ಬರಲಿಲ್ಲ. ಎರಡೂ ಕೈಯಿಂದ ಇವರ ಬೆನ್ನಿಗೆ ಗುದ್ದಿದೆ. ನನಗಿಂತ ಮುಂಚೆ ರಸ್ತೆಯಂಚಿನ ಹೆಂಗಸರು ಕಿರುಚಿದರು. ಸೀರೆ ಟೈರಿಗೂ ಚೈನ್ ಕವರಿಗೂ ನಡುವೆ ಹೊಕ್ಕು, ಆ ಒಂದು ಬೆರಳಿನ ಜಾಗ ತುಂಬಿ, ಚಕ್ರ ಗಕ್ಕನೆ ನಿಂತಿತು. ನಡಿಗೆಯ ವೇಗದಲ್ಲಿದ್ದ ಗಾಡಿ ಅಲ್ಲೇ ವಾಲಿತು. ಇವರು ಒಂದು ಕಾಲು ಊರಿ, ಒಂದು ಕೈಯಲ್ಲಿ ಮಗಳನ್ನು ತಬ್ಬಿ ಹಿಡಿದರು. ನಾನು ಹಿಂದಕ್ಕೆ ಬಾಗಿ ಸೀಟಿಗೆ ಅಂಟಿಕೊಂಡಿದ್ದೆ, ಅಲ್ಲಾಡುವಂತಿರಲಿಲ್ಲ.

ಕಾಳು ಗುಡಿಸುತ್ತಿದ್ದ ಒಬ್ಬ ಮುದುಕಿ ಕುಡುಗೋಲು ಹಿಡಿದು ಓಡಿ ಬಂದಳು. "ಏಮಿ ಕಾದಮ್ಮಾ, ಏಮಿ ಕಾದು. ಏನೂ ಆಗಲ್ಲ, ಅಲ್ಲಾಡಬ್ಯಾಡ" ಎನ್ನುತ್ತಾ ನನ್ನ ಕುತ್ತಿಗೆಗೂ ಬಟ್ಟೆಗೂ ನಡುವೆ ತನ್ನ ಎಡಗೈ ತೂರಿಸಿ, ಹೆಗಲ ಹಿಂದೆ ಸೀರೆಯನ್ನು ಒಂದೇ ಎಳೆತಕ್ಕೆ ಕೊಯ್ದಳು. ಅಪ್ಪ ತಿಂಗಳುಗಟ್ಟಲೆ ಕೂತು ನೇಯ್ದ ಸೆರಗು ಚಕ್ರದಲ್ಲಿ ಉಳಿಯಿತು, ನಾನು ಈಚೆ ಬಂದೆ. ಇನ್ನೊಬ್ಬಳು ತನ್ನ ತಲೆಗೆ ಕಟ್ಟಿದ್ದ ಟವೆಲ್ಲು ಬಿಚ್ಚಿ ನನ್ನ ಎದೆಗೆ ಹೊದಿಸಿದಳು. ನಾನು ಮೆಲ್ಲಗೆ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದೆ, ತಿರುಗಿತು. ಬಲಕ್ಕೂ ತಿರುಗಿತು. ಆಗ ಅಳು ಬಂತು.

ಇವರು ಬೈಕನ್ನು ಹಾಗೇ ಕೆಡವಿ ರಸ್ತೆಯ ಮೇಲೆ ಕೂತುಬಿಟ್ಟಿದ್ದರು. ಮಗಳನ್ನು ಆ ಮುದುಕಿಯೇ ಎತ್ತಿಕೊಂಡಳು. ಆಮೇಲೆ ಇವರು ಹುರುಳಿಯ ನಡುವೆ ಚೆಲ್ಲಿದ್ದ ಅಕ್ಕಿಯನ್ನು ಆಯಲು ಶುರು ಮಾಡಿದರು. ಮಡಿಲಕ್ಕಿ ತುಳಿದಾಡಬಾರದೆಂದು ಅವರಿಗೂ ಗೊತ್ತಿತ್ತು. ಬೆರಳಿಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ, ಹುರುಳಿ ಕಾಳು ಮಣ್ಣು ಎಲ್ಲ ಸೇರಿಸಿ, ತಮ್ಮ ಶರಟಿನ ಮುಂಭಾಗವನ್ನು ಎತ್ತಿ ಹಿಡಿದು ಅದರೊಳಗೆ ತುಂಬಿಕೊಂಡರು. ಬಸ್ಸು ಬಂದಾಗಲೂ ಶರಟು ಕೆಳಗೆ ಬಿಡಲಿಲ್ಲ. ಬೈಕನ್ನು ಅಲ್ಲೇ ಒಬ್ಬರ ಹೊಲದ ಶೆಡ್ಡಿಗೆ ತಳ್ಳಿಸಿ, ನಾನು ಅವರ ಹಳೆಯ ಶರಟು ತೊಟ್ಟು, ಅವರು ಮಡಿಲು ಹಿಡಿದುಕೊಂಡು ಚಳ್ಳಕೆರೆಗೆ ಬಂದೆವು. ಕಂಡಕ್ಟರು ಇವರ ಹೊಟ್ಟೆಯ ಮೇಲಿನ ಅಕ್ಕಿ ನೋಡಿ ಏನೋ ಕೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಟಿಕೆಟ್ಟು ಹರಿದು ಕೊಟ್ಟ.

ದೇವರ ಮುಂದೆ ಆ ಅಕ್ಕಿಯನ್ನು ಸುರಿದವರೂ ಅವರೇ. ಕಲ್ಲು ಮಣ್ಣು ಆರಿಸಿ ಅನ್ನ ಮಾಡಿದೆ. ಹುರುಳಿಯನ್ನು ಪೂರ್ತಿ ಆರಿಸಲಾಗಲಿಲ್ಲ. ಊಟಕ್ಕೆ ಕೂತಾಗ ಇವರ ಬಾಯಿಗೆ ಒಂದು ಬೇಯದ ಹುರುಳಿ ಸಿಕ್ಕು ಕಟ್ಟೆಂದಿತು. ತಟ್ಟೆ ಬಿಟ್ಟು ಎದ್ದು ಹೋಗಿ ಹಿತ್ತಿಲಲ್ಲಿ ನಿಂತರು. ನಾನು ಹಿಂದೆ ಹೋದೆ. "ನನ್ನ ಹೆದರಿಸಿಬಿಟ್ಟೆ ಕಣೇ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶೆಡ್ಡಿನಿಂದ ಬೈಕು ತರಿಸಿ, ನಾನು ಮಂಚದ ಕೆಳಗೆ ಇಟ್ಟಿದ್ದ ಜಾಲರಿಯನ್ನು ತೆಗೆದು ಅವರೇ ಟೈರಿನಂಗಡಿಗೆ ಒಯ್ದರು. ಹಳೆಯ ನೂರಾ ಇಪ್ಪತ್ತೇ ವಾಪಸು ಬಂತು. ಪೈಲ್ವಾನನ ಸಣಕಲು ಕಾಲಿನ ಬಗ್ಗೆ ಸ್ನೇಹಿತರು ಮತ್ತೆ ಆಡಿಕೊಂಡರು. ಇವರು ಕೇಳಿಸದವರಂತೆ ಇದ್ದರು. ಅವ್ವನಿಗೆ ಸೀರೆ ಇಲಿ ಕಡಿಯಿತು ಎಂದು ಹೇಳಿದೆವು. ಸಡಿಲ ಗಂಟಿನ ವಿಷಯ ಅವಳು ಸಾಯುವವರೆಗೂ ಅವಳಿಗೆ ತಿಳಿಯಲಿಲ್ಲ, ತಿಳಿಯಬಾರದೆಂದು ಇವರೇ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆವತ್ತಿನವರೆಗೆ ಹೆದರಿಕೆ ನನ್ನೊಬ್ಬಳದೇ ಆಗಿತ್ತು. ಆಮೇಲೆ ಅದು ಇಬ್ಬರದಾಯಿತು. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಇವರು ಮುಂದೆ ನೋಡಿಕೊಂಡೇ "ಸೆರಗು?" ಎನ್ನುವರು. "ಐತೆ" ಅನ್ನಬೇಕು. ಅಂದರೂ ಸಾಲದು, ಎಡಗೈ ಹಿಂದಕ್ಕೆ ಚಾಚಿ ನನ್ನ ಸೊಂಟದ ಗಂಟನ್ನು ಮುಟ್ಟಿ ನೋಡಿಯೇ ಹೊರಡುವರು. ಬೈಕು ಹೋಗಿ ಸ್ಕೂಟರು ಬಂತು, ಸ್ಕೂಟರು ಹೋಗಿ ಈಗ ಕಾರು ಬಂದಿದೆ. ಮಗಳು ಬಂದಾಗ ನಾನು ಚೂಡಿದಾರ ತೊಟ್ಟು ಹೊರಡುವುದೂ ಉಂಟು. ಕಾರಿನಲ್ಲಿ ಕೂತು, ಬೆಲ್ಟು ಹಾಕಿ, ಕೀ ತಿರುಗಿಸುವ ಮುಂಚೆ ಇವರು ಈಗಲೂ "ಸೆರಗು?" ಅನ್ನುತ್ತಾರೆ. ಹಿಂದೆ ಕೂತ ಮಗಳಿಗೆ ನಗು. ಅವಳಿಗೆ ಆ ದಿನದ ನೆನಪೇ ಇಲ್ಲ. ನಾನು ನಗುವುದಿಲ್ಲ. "ಐತೆ ರೀ" ಅಂದ ಮೇಲೆಯೇ ಬಾಗಿಲು ಎಳೆದುಕೊಳ್ಳುತ್ತೇನೆ. ಯಾವುದೋ ಗಡಿಬಿಡಿಯಲ್ಲಿ ಕೇಳುವುದನ್ನು ಅವರು ಮರೆತರೆ, ಅವರು ಕೇಳುವವರೆಗೂ ಬಾಗಿಲು ತೆರೆದಿಟ್ಟುಕೊಂಡೇ ಕೂತಿರುತ್ತೇನೆ.